ಗುಡ್ಡ ಏಳದ ಕೇಕು

ಭಟ್ಟಿ ಮುಂದ ಕುಂತವನಿಗೆ ಮಂದಿ ನಗೋದು ತಪ್ಪಂಗಿಲ್ಲ. ನಿಜಾಮರ ಕಾಲದಾಗ ಆಳಂದದಾಗ ನಂದು ಬ್ರೆಡ್ಡು-ಬಿಸ್ಕೀಟಿನ ಭಟ್ಟಿ ಇತ್ತು. ಗೊಬ್ಬೂರದ ಒಂದು ಹುಡುಗಿ ನನ್ನ ಒಪ್ಪಿದ್ಲು. ಆಕೀ ಅಪ್ಪ ಮಾತ್ರ, "ಗಂಡಸಾಗಿ ಹಿಟ್ಟು ನಾದೋದು ಒಂದು ದಂಧಾನ?" ಅಂದ್ರು. ಅದ ಹೊತ್ತಿಗೆ ಹೈದರಾಬಾದ್ ಕಡೆಯಿಂದ ಬಂದ ಡಾಕ್ಟರ್ ಸಾಹೇಬ್ರು ಮಗಳ ಶಾದಿಗೆ ಮೂರು ಅಂತಸ್ತಿನ ಕೇಕ್ ಮಾಡಂತ ಹೇಳಿದ್ರು. ಸುದ್ದಿ ಮುಟ್ಟಿದ ಕೂಡ್ಲೆ ಹುಡುಗಿ ಅಪ್ಪ ಶರತ್ತು ಹಾಕಿದ್ರು: "ಮೂರೂ ನೆಟ್ಟಗ ನಿಂತ್ರ ಮಗಳನ್ನ ಕೊಡ್ತೇನಿ. ಬಿದ್ರ, ನಮಸ್ಕಾರ."

೧. ಮೊದಲನೇ ಕೇಕು

ಅಷ್ಟು ದೊಡ್ಡ ಕೇಕ್ ನಾನು ಎಂದೂ ಸುಟ್ಟಿರಲಿಲ್ಲ. ಕೇಕಿನ ತಟ್ಟಿ ಹೊರಗ ತೆಗದ್ರ ಅಂಚು ಕರ್ರಗ, ನಡುವ ಗುಡ್ಡ, ಗುಡ್ಡದೊಳಗ ಹಸೀ ಹಿಟ್ಟು. ಸಾಹೇಬ್ರು ನೋಡಿ, "ಇದರ ಮ್ಯಾಲ ಇನ್ನೆರಡು ಹೆಂಗ ಕೂಡಿಸ್ತಿ?" ಅಂದ್ರು.

"ನಾಲ್ಕು ಮಂದಿ ಹಿಡಕೊಂಡು ನಿಂದರ್ತೀವ್ರಿ," ಅಂದೆ.

೨. ಅವ್ವನ ಕೈ

ಎರಡನೇದನ್ನ ಭಟ್ಟಿಗೆ ಇಟ್ಟು ಕಟಿಗಿ ತರಾಕ ಹೋಗಿದ್ದೆ. ಬರೋದ್ರಾಗ ಕೇಕ್ ಚಪ್ಪಟಿ ಆಗಿತ್ತು, ಮ್ಯಾಲ ಐದು ಬೆರಳು ಮೂಡಿದ್ವು. ನಮ್ಮವ್ವ ಪಕ್ಕದಾಗ ಅರಿವಿ ಹಿಡಕೊಂಡು ನಿಂತಿದ್ಲು.

"ಉಬ್ಬಾಕತ್ತಿತ್ತೋ, ಒತ್ತಿ ಕೂಡಿಸೇನಿ."

"ಯವ್ವಾ, ಇದು ರೊಟ್ಟಿ ಅಲ್ಲಬೇ!"

"ಗೊತ್ತಾತು ಬಿಡು. ರೊಟ್ಟಿ ಆಗಿದ್ರ ಮತ್ತ ಉಬ್ಬತಿತ್ತು."

೩. ಹಸೀ ಅರಿವಿ

ಶಾದಿ ದಿನ ಮುಂಜಾನೆ ಮೂರೂ ಕೇಕ್ ಹೊಸದಾಗಿ ಸುಡಾಕ ಕುಂತೆ. ನಮ್ಮ ಓಣ್ಯಾಗ ಹುಡುಗಿ ಸೋದರತ್ತಿ ಮನಿ. ಅಪ್ಪ-ಮಗಳು ಕೇಕ್ ನೋಡಾಕಂತ ಹಿಂದಿನ ದಿನಾನ ಬಂದು ಅಲ್ಲಿ ಇಳದಿದ್ರು. ಕೇಕಿನ ಗುಡ್ಡದ ಸುದ್ದಿ ನಮ್ಮವ್ವನ ಬಾಯಿಂದ ಕೇಳಿದ ಹುಡುಗಿ, ಆಕೀ ಕೈಯಾಗ ಒಂದು ಉದ್ದನ್ನ ಹಸೀ ಅರಿವಿ ಕೊಟ್ಟು ಕಳಿಸಿದ್ಲು: "ಅಂಚು ಮೊದಲ ಕಾಯ್ತದ, ಅದಕ್ಕ ನಡುವ ಗುಡ್ಡ ಏಳ್ತದ. ತಟ್ಟಿ ಸುತ್ತ ಇದನ್ನ ಕಟ್ಟಂತ ಹೇಳ್ರಿ."

ಕಟ್ಟಿದೆ. ಒಂದು ಬೆಂದ ಮ್ಯಾಲ ಅರಿವಿ ಬಿಚ್ಚಿ, ನೀರಾಗ ಅದ್ದಿ, ಇನ್ನೊಂದಕ್ಕ ಸುತ್ತಿದೆ. ಎರಡೂ ಸಾರಿಸಿದ ನೆಲದಂಗ ಸಪಾಟ ಬಂದ್ವು. ಒಂದರ ಮ್ಯಾಲ ಒಂದು ಕೂಡಿಸಿದೆ. ನನಗ ಅಳು ಬಂದಂಗ ಆತು, ಖರೇ ಹೇಳ್ತೇನಿ.

ಮೂರನೇದನ್ನ ಹೊರಗ ಎಳಿಯೋ ಹೊತ್ತಿಗೆ ಹುಡುಗಿ ಅಪ್ಪ ಬಂದ್ರು, ಬೋಳ ತಲಿ ಮ್ಯಾಲ ಟವೆಲ್ ಹಾಕ್ಕೊಂಡು. "ತಡ ಆತ್ರಿ. ತಲಿಗೆ ಸುತ್ತೋ ರುಮಾಲು ಒಣಗಾಕಿದ್ದೆ, ಮುಂಜಾನಿಂದ ಸಿಗವಲ್ದು." ಕೇಕಿನ ಮ್ಯಾಲ ಒಂದು ನಿಂಬಿಹಣ್ಣು ಇಟ್ಟು ನೋಡಿದ್ರು. ಉರುಳಲಿಲ್ಲ. ಆಮ್ಯಾಲ ಬಗ್ಗಿ ತಟ್ಟಿ ಅಂಚು ನೋಡಿದ್ರು. ಹಬಿಯಾಡೋ ಅರಿವ್ಯಾಗ ಜರಿ ಹೊಳಿಯಾಕತ್ತಿತ್ತು.

ನಮ್ಮವ್ವ ಸಣ್ಣಗ, "ನಿಮ್ಮ ಮಗಳೇ ಕಳಿಸ್ಯಾಳ್ರಿ," ಅಂದ್ಲು.

ಅವರು ತಮ್ಮ ರುಮಾಲು ನೋಡಿದ್ರು, ಕೇಕ್ ನೋಡಿದ್ರು, ನನ್ನ ನೋಡಿದ್ರು.

"ಜ್ವಾಕಿಲೆ ಬಿಚ್ರಿ ಅಳಿಯಂದ್ರ. ನಿಮ್ಮ ಲಗ್ನಕ್ಕ ಸುತ್ಕೊಳ್ಳಾಕ ನನಗ ಇರೋದು ಅದೊಂದ."