ಸದ್ದಿಲ್ಲದ ಜನರೇಟರು, ಸಾಹುಕಾರರ ಅವ್ವ

ಡೀಸೆಲ್ ಜನರೇಟರ್ ರಿಪೇರಿ ಮಾಡಿಕೊಂಡಿದ್ದ ಕಾಲದಲ್ಲಿ ಜನ ನನ್ನನ್ನು ಬೈಯುತ್ತಿದ್ದರು, ಅಷ್ಟೇ. ಹೈಡ್ರೋಜನ್ ಜನರೇಟರ್ ಕೂರಿಸುವ ಕೆಲಸಕ್ಕೆ ಸೇರಿದ ಮೇಲೆ ಪ್ರಶ್ನೆ ಕೇಳುತ್ತಾರೆ. ಬೈಗುಳಕ್ಕಾದರೆ ಉತ್ತರ ಕೊಡುವ ಕಷ್ಟವಿರಲಿಲ್ಲ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಸುತ್ತುವ ನನಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ಆದರೂ ಶಿರಾಳಕೊಪ್ಪದ ಒಂದು ಕಲ್ಯಾಣ ಮಂಟಪದಲ್ಲಿ ನಡೆದಷ್ಟು ಬೇರೆಲ್ಲೂ ನಡೆದಿಲ್ಲ.

ಮಂಟಪದ ಸಾಹುಕಾರರ ಮನೆ ಅದರ ಬೆನ್ನಿಗೇ ಇದೆ. ಹಳೇ ಡೀಸೆಲ್ ಜನರೇಟರು ಅವರ ಅವ್ವನ ಕಿಟಕಿಯ ಕೆಳಗೆ. ಊರಿಗೆಲ್ಲ ಲಗ್ನದ ಸೀಸನ್ ಬಂದರೆ ಆ ಅಜ್ಜಿಗೆ ಉಬ್ಬಸದ ಸೀಸನ್. "ಅವ್ವನ ಉಸಿರು ಒಂದು ಸರಿಹೋದ್ರೆ ಸಾಕ್ರಿ" ಎಂದು ಸಾಹುಕಾರರು ನಮ್ಮ ಫ್ಯುಯೆಲ್ ಸೆಲ್ ಯಂತ್ರವನ್ನು ಪರೀಕ್ಷೆಗೆಂದು ತರಿಸಿದರು. ಸಿಲಿಂಡರಿನ ಹೈಡ್ರೋಜನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿ ಕರೆಂಟು ಕೊಡುತ್ತದೆ, ಹೊಗೆಯಿಲ್ಲ, ಕೊನೆಗೆ ಉಳಿಯುವುದು ನೀರು. ಹಿಡಿಸಿದರೆ ಇರುತ್ತದೆ, ಇಲ್ಲದಿದ್ದರೆ ಸೀಸನ್ ಮುಗಿದ ಮೇಲೆ ವಾಪಸ್.

೧. ಬೆಂಕಿಗೆ ಹೆದರುವ ದೇವರು

ಯಂತ್ರ ಕೂರಿಸಿ ಚಹಾ ಕುಡಿದು ಬರುವಷ್ಟರಲ್ಲಿ ಅದಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಎಲ್ಲ ಆಗಿತ್ತು. ಒಳ್ಳೆಯದೇ. ಆದರೆ ಅಜ್ಜಿ ಸಿಲಿಂಡರುಗಳ ಪಕ್ಕದಲ್ಲೇ ನಿಂತು ಆರತಿ ತಟ್ಟೆಯ ಕರ್ಪೂರಕ್ಕೆ ಕಡ್ಡಿ ಗೀರಲು ಹೊರಟಿದ್ದರು. 'ಇಲ್ಲಿ ಬೆಂಕಿ ಹಚ್ಚಬಾರದು' ಎಂಬ ನನ್ನ ಬೋರ್ಡಿಗೂ ಒಂದು ಹಾರ ಬಿದ್ದು ಅಕ್ಷರವೆಲ್ಲ ಮುಚ್ಚಿಹೋಗಿತ್ತು.

"ಅಜ್ಜೀ, ಬ್ಯಾಡ್ರೀ!" ಎಂದು ಓಡಿಹೋಗಿ ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ.

"ಕರ್ಪೂರ ಇಲ್ದ ಪೂಜೆ ಎಂಥಾದ್ದೋ ತಮ್ಮಾ?"

ಬಹಳ ಹೊತ್ತು ವಾದವಾಯಿತು. ಕೊನೆಗೆ ಯಂತ್ರದಿಂದಲೇ ವೈರ್ ಎಳೆದು ತಟ್ಟೆಯಲ್ಲೊಂದು ಬಲ್ಬು ಇಟ್ಟುಕೊಟ್ಟೆ. ಅಜ್ಜಿ ಬಲ್ಬು ಬೆಳಗಿದರು, ಸಾಹುಕಾರರು ವೈರ್ ಸಿಕ್ಕಾಗದಂತೆ ಹಿಡಿದುಕೊಂಡು ಹಿಂದೆ ಹಿಂದೆ ಸುತ್ತಿದರು. ಮಂಗಳಾರತಿ ಮುಗಿಸಿದ ಅಜ್ಜಿ ಯಂತ್ರವನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಬೆಂಕಿ ಕಂಡ್ರೆ ಹೆದರೋ ದೇವ್ರನ್ನ ಇವತ್ತೇ ನೋಡಿದ್ದು. ಇದು ನಮ್ಮನ್ನೇನು ಕಾಯ್ತತಿ?"

೨. ಉಪ್ಪಿನಕಾಯಿ

ಮಗನ ಮದುವೆಗೆ ಮಂಟಪ ಹಿಡಿಯಲು ಅಂಜನಾಪುರದ ರೈತರೊಬ್ಬರು ಬಂದಿದ್ದರು. ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ನನ್ನನ್ನು ವಿಚಾರಣೆಗೆ ತೆಗೆದುಕೊಂಡರು.

"ಈ ಗ್ಯಾಸು ಎಲ್ಲಿಂದ ಬರ್ತತ್ರಿ?"

"ನೀರಿನಿಂದ ತೆಗೀಬಹುದು."

"ತೆಗಿಯಾಕೆ ಏನು ಬೇಕು?"

"ಕರೆಂಟು."

"ಆ ಗ್ಯಾಸಿಂದ ನಿಮಗೇನು ಸಿಗ್ತತಿ?"

"ಕರೆಂಟು. ಜೊತೆಗೆ ನೀರು."

ಅವರು ತಲೆ ಕೆರೆದುಕೊಂಡರು. "ನಮ್ಮ ಕಡೆ ಕೆರೆ ಹೂಳೆತ್ತೋದೂ ಹಿಂಗೇ ಬಿಡ್ರಿ. ಎತ್ತಿ ದಂಡಿ ಮ್ಯಾಲೆ ಹಾಕ್ತಾರೆ, ಮಳೆ ಬಂದ ಕೂಡ್ಲೆ ಮತ್ತೆ ಅಲ್ಲಿಗೇ."

ನನಗೆ ಸಿಟ್ಟು ಬಂತು. ಆದರೂ ತಡೆದುಕೊಂಡು, ಮಧ್ಯಾಹ್ನ ಸೋಲಾರ್ ಕರೆಂಟು ಮಿಕ್ಕಿದಾಗ ಅದರಿಂದ ಗ್ಯಾಸ್ ಮಾಡಿ ಇಟ್ಟುಕೊಂಡರೆ ಬೇಕಾದಾಗ ಬಳಸಬಹುದು ಎಂದು ಬಿಡಿಸಿ ಹೇಳಿದೆ. "ಮಾವಿನಕಾಯಿ ಕಾಲದಾಗ ಉಪ್ಪಿನಕಾಯಿ ಹಾಕಿಟ್ಟು ವರ್ಷವಿಡೀ ತಿಂತೀರಲ್ಲ, ಹಂಗೆ."

"ಅಲೆಲೆ, ಇದನ್ನ ಮೊದ್ಲೇ ಹೇಳಬಾರದಾ!" ಎಂದು ಅವರು ತೊಡೆ ತಟ್ಟಿದರು. ವಾದ ಗೆದ್ದೆನೆಂದು ನಾನು ಉಬ್ಬಿದೆ. ಅಷ್ಟರಲ್ಲಿ ನಮ್ಮ ಸಿಲಿಂಡರ್ ಹೊತ್ತ ಲಾರಿ ಕಪ್ಪು ಹೊಗೆ ಕಾರುತ್ತ ಅಂಗಳಕ್ಕೆ ಬಂತು. ರೈತರು ಕೆಮ್ಮುತ್ತ ಕೇಳಿದರು: "ಈ ಲಾರಿಗ್ಯಾಕ್ರಿ ಉಪ್ಪಿನಕಾಯಿ ಬಡಿಸಿಲ್ಲ?"

೩. ಮರ್ಯಾದೆಯ ಸದ್ದು

ಸೊರಬದವರೊಬ್ಬರ ಮಗಳ ಮದುವೆ. ಊಟದ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಯಂತ್ರ ತಕ್ಷಣ ಚಾಲೂ ಆಯಿತು. ಒಂದು ದೀಪವೂ ಆರಲಿಲ್ಲ. ಶಾಬಾಸ್ ಅನ್ನಿಸಿಕೊಳ್ಳಲು ಬಾಗಿಲಲ್ಲೇ ನಿಂತಿದ್ದೆ. ಹೆಣ್ಣಿನ ತಂದೆ ಮುಖ ಸಣ್ಣದು ಮಾಡಿಕೊಂಡು ಬಂದರು.

"ಎಂತ ಮಾರಾಯ್ರೆ, ಜನರೇಟರ್ ಹಾಕಲ್ವಾ?"

"ಓಡ್ತಾ ಇದೆಯಲ್ರೀ."

"ಓಡ್ತಾ ಇದ್ರೆ ಸದ್ದೆಲ್ಲಿ? ಕರೆಂಟ್ ಹೋಗಿದ್ದೇ ಬೀಗರಿಗೆ ಗೊತ್ತಾಗ್ಲಿಲ್ಲ. ಜನರೇಟರ್ ಇರೋ ಛತ್ರನೇ ಹಿಡಿದಿದ್ದೀನಿ ಅಂತ ಅವ್ರಿಗೆ ಹ್ಯಾಂಗೆ ತಿಳೀಬೇಕು?"

ಪಾಪ, ಒಬ್ಬಳೇ ಮಗಳು. ಬೀಗರ ಮುಂದೆ ಏನೂ ಕಡಿಮೆ ಮಾಡಿಲ್ಲವೆಂದು ತೋರಿಸಿಕೊಳ್ಳುವ ಆಸೆ ಯಾವ ತಂದೆಗಿರುವುದಿಲ್ಲ? ಮೃದು ಮನಸ್ಸಿನ ಸಾಹುಕಾರರು ಹಳೇ ಡೀಸೆಲ್ ಜನರೇಟರನ್ನು ಸುಮ್ಮನೆ ಚಾಲೂ ಮಾಡಿಸಿದರು. ಅದಕ್ಕೆ ಒಂದು ವೈರೂ ಸೇರಿಸಿರಲಿಲ್ಲ. ಅದು ಗುಡುಗುಡು ಎಂದಿದ್ದೇ ತಡ, ಬೀಗರು ಪಂಕ್ತಿಯಲ್ಲಿ ಮೆಚ್ಚಿ ತಲೆಯಾಡಿಸಿದರು. ಅತ್ತ ಕಿಟಕಿಯೊಳಗಿಂದ ಅಜ್ಜಿಯ ಕೆಮ್ಮು ಕೇಳಿಸಿತು.

ಆಮೇಲೆ ಬಂದ ಲಗ್ನದವರೆಲ್ಲ ಸದ್ದನ್ನೇ ಕೇಳತೊಡಗಿದರು. ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದು, "ಬೇಜಾರಾಗಬ್ಯಾಡ್ರಿ, ಸೀಸನ್ ಮುಗೀತು, ನಿಮ್ಮ ಯಂತ್ರ ಒಯ್ರಿ. ಎರಡೆರಡು ಇಟ್ಕೊಂಡು ನಾನೇನು ಮಾಡ್ಲಿ?" ಎಂದರು. ಸುಮ್ಮನೆ ಕೂಗಿದ ಯಂತ್ರದ ನೌಕರಿ ಉಳಿಯಿತು, ಸುಮ್ಮನೆ ಕೆಲಸ ಮಾಡಿದ ಯಂತ್ರದ ನೌಕರಿ ಹೋಯಿತು!

೪. ಲೈನ್‌ಮನ್‌ಗೆ ಫೋನು

ಯಂತ್ರ ಹೊತ್ತೊಯ್ಯಲು ಗಾಡಿ ತೆಗೆದುಕೊಂಡು ಹೋದೆ. ಊರಲ್ಲಿ ಕರೆಂಟಿರಲಿಲ್ಲ. ಲಗ್ನವೂ ಇರಲಿಲ್ಲ. ಆದರೆ ಖಾಲಿ ಮಂಟಪದಲ್ಲಿ ಫ್ಯಾನು, ಲೈಟು, ಸೀರಿಯಲ್ ಸೆಟ್ಟು, ಅಡುಗೆಮನೆಯ ಗ್ರೈಂಡರ್ ಸಮೇತ ಎಲ್ಲ ಚಾಲೂ ಇದ್ದವು. ಹಿಂದೆ ಹೋಗಿ ನೋಡಿದರೆ ಅಜ್ಜಿ ಮಣೆ ಹಾಕಿಕೊಂಡು ಯಂತ್ರದ ಪಕ್ಕ ಕೂತಿದ್ದಾರೆ. ಪೈಪಿನ ಬಾಯಿಂದ ನೀರು ತೊಟ್ಟು ತೊಟ್ಟಾಗಿ ಅವರ ತಂಬಿಗೆಗೆ ಬೀಳುತ್ತಿದೆ.

"ಅವ್ವಾ, ಖಾಲಿ ಮಂಟಪಕ್ಕೆ ಯಾಕೆ ಫ್ಯಾನು?" ಎಂದರು ನನ್ನ ಹಿಂದೆಯೇ ಬಂದ ಸಾಹುಕಾರರು.

"ಫ್ಯಾನು ಹಾಕಿದಷ್ಟೂ ನೀರು ಬರ್ತತಿ. ತಂಬಿಗಿ ತುಂಬಬೇಕಲ್ಲ?"

ಲಿಂಗಪೂಜೆಗೆ ಮೀಸಲು ನೀರು ಬೇಕು, ಬೇರೆ ಯಾರೂ ಮುಟ್ಟಿರಬಾರದು. ಮೊದಲೆಲ್ಲ ಅಜ್ಜಿ ಎಲ್ಲರಿಗಿಂತ ಮುಂಚೆ ಎದ್ದು, ಯಾರೊಂದಿಗೂ ಮಾತಾಡದೆ ಬಾವಿಯಿಂದ ಸೇದಿ ತರುತ್ತಿದ್ದರಂತೆ. ಈಗ ಮೊಣಕಾಲು ಬಿಡುವುದಿಲ್ಲ, ಬಾವಿಯನ್ನೂ ಮುಚ್ಚಿದ್ದಾರೆ. ನಲ್ಲಿ ನೀರು ಎಷ್ಟು ಕೈ ದಾಟಿ ಬಂದದ್ದೋ ಎಂಬ ಕೊರಗು ಅವರಿಗೆ.

"ಇದು ಈಗ ತಾನೇ ಹುಟ್ಟಿದ ನೀರು ತಮ್ಮಾ. ಇನ್ನೂ ಯಾರ ಕೈಯೂ ತಾಗಿಲ್ಲ" ಎಂದರು. ಅಷ್ಟು ದಿನ ಭಾಷಣ ಮಾಡಿದ ನನಗೂ ಇದು ಹೊಳೆದಿರಲಿಲ್ಲ.

"ಇವ್ರು ಒಯ್ಯಾಕೆ ಬಂದಾರವ್ವಾ" ಎಂದರು ಸಾಹುಕಾರರು ಮೆಲ್ಲಗೆ.

"ಒಯ್ಲಿ, ಆ ಹಳೇದನ್ನ. ಅದರ ಹೊಗಿ ನನ್ನ ಮೀಸಲು ನೀರಿಗೆ ಬೀಳ್ತತಿ."

"ಲಗ್ನದೋರು ಸದ್ದು ಕೇಳ್ತಾರೆ..."

"ಸದ್ದು ಬೇಕಾದೋರು ಡೊಳ್ಳು ಹೊಡಿಸ್ಲಿ!"

ತಾಯಿಯ ಉಸಿರಿಗಾಗಿ ಮಗನಿಗೆ ಇಷ್ಟು ದಿನ ಆಗದ ನಿರ್ಧಾರ ತಂಬಿಗೆ ನೀರಿಗಾಗಿ ಅಲ್ಲೇ ಆಯಿತು. ಹಳೇ ಜನರೇಟರು ಗುಜರಿಗೆ ಹೋಯಿತು. ಅಜ್ಜಿ ಈಗ ಕಿಟಕಿ ತೆಗೆದು ಮಲಗುತ್ತಾರೆ, ಕೆಮ್ಮು ಬಹಳ ಕಡಿಮೆ. ಈ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂತೋಷ ಸಿಕ್ಕಿಲ್ಲ.

ಒಂದೇ ತೊಡಕು. ನಮ್ಮ ಯಂತ್ರ ಓಡುವುದು ಕರೆಂಟು ಹೋದಾಗ ಮಾತ್ರ. ಮೊನ್ನೆ ಬೆಳಿಗ್ಗೆ ಸರ್ವಿಸ್‌ಗೆ ಹೋದಾಗ ಅಜ್ಜಿ ಸ್ನಾನ ಮಾಡಿ, ವಿಭೂತಿ ಧರಿಸಿ, ಖಾಲಿ ತಂಬಿಗೆ ಮುಂದಿಟ್ಟುಕೊಂಡು ಫೋನಿನಲ್ಲಿ ಲೈನ್‌ಮನ್‌ನನ್ನು ತರಾಟೆಗೆ ತೆಗೆದುಕೊಂಡಿದ್ದರು.

"ಪೂಜಿ ಹೊತ್ತಾತು. ಯಾಕಪ್ಪಾ, ಇನ್ನೂ ಕರೆಂಟ್ ತೆಗೆದಿಲ್ಲ?"

ಕರೆಂಟಿನ ವಿಷಯಕ್ಕೆ ಸದಾ ಬೈಸಿಕೊಂಡೇ ಬಂದ ಆ ಮನುಷ್ಯ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ರೂಢಿಯಂತೆ ಅಂದುಬಿಟ್ಟ: "ತಪ್ಪಾತ್ರಿ ಅಜ್ಜಿ, ಈಗ್ಲೇ ಬಂದು ಸರಿ ಮಾಡ್ತೀನಿ!"