ಸ್ಕಾರ್ಫಿನಾಚೆ ಕಾಣದ ಗುಡುಗುವೀರರಿಗೆ

ಧನಕವಡಿ, ಪುಣೆ
ಫೆಬ್ರುವರಿ 2004

ಮಾನ್ಯರೇ,

ಪುಣೆಯ ಆಕಾಶಕ್ಕೆ ಏಕಮಾತ್ರ ಕಾವಲುಗಾರರೂ, ಕಡಿದರೆ ತುಂಡಾಗದ, ಸುಟ್ಟರೆ ಕರಕಲಾಗದ ದೇಹವುಳ್ಳವರೂ ಆದ ಶ್ರೀ ಗುಡುಗುವೀರರಿಗೆ ಪ್ರೇಮಾವತಿ ಹಂಚಿನಮನಿ ಮಾಡುವ ನಮಸ್ಕಾರಗಳು. ನಮ್ಮದು ಮೂಲತಃ ಧಾರವಾಡ. ಮದುವೆಯಾಗಿ ಈ ಊರಿಗೆ ಬಂದು ಇಷ್ಟು ವರ್ಷವಾದರೂ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮರಾಠಿಯಲ್ಲಿ ನಾನು ಧಾರಾಳವಾಗಿ ಜಗಳವಾಡಬಲ್ಲೆ, ಆದರೆ ಮರ್ಯಾದೆಯಿಂದ ಸಿಟ್ಟಾಗಬೇಕೆಂದರೆ ನನಗೆ ಕನ್ನಡವೇ ಬೇಕು. ತಮಗೆ ಇರುವೆಗಳ ಭಾಷೆಯೂ ಬರುತ್ತದೆಂದು ಪೇಪರಿನಲ್ಲಿ ಓದಿದ್ದೇನೆ, ಹೀಗಾಗಿ ನನ್ನದೂ ತಿಳಿದೀತು.

ಮೊದಲು ಸಣ್ಣ ವಿಷಯ. ತಾವು ದುಷ್ಟರ ದವಡೆಗೆ ಗುದ್ದಿದಾಗಲೆಲ್ಲ ಆಕಾಶದಲ್ಲಿ ಕೆಂಪಗೆ ಮೂಡುವ 'ಧಡಾಂ' ಎಂಬ ದೊಡ್ಡಕ್ಷರಗಳು ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತವೆಂದು ತಾವೆಂದೂ ವಿಚಾರಿಸಿದಂತಿಲ್ಲ. ಅವುಗಳಲ್ಲಿ 'ಧ' ನಮ್ಮ ತಾರಸಿಯ ಮೇಲಿದೆ, ಅದೂ ನಾನು ಸಂಡಿಗೆ ಹಾಕಿದ ಜಾಗದಲ್ಲೇ. 'ಡಾಂ' ಕೊಂಢವಾದಲ್ಲಿರುವ ನಮ್ಮ ನಾದಿನಿಯ ಮನೆಯ ನೀರಿನ ಟಾಕಿಯ ಮೇಲೆ ಬಿದ್ದಿದ್ದರಿಂದ, ನಮ್ಮ ಪಾಲಿಗೆ ಬಂದದ್ದು ಹಗುರವೇ ಎಂದುಕೊಂಡು ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದೇನೆ. ಈ ಬಗ್ಗೆ ನನ್ನದೇನೂ ತಕರಾರಿಲ್ಲ.

ತಕರಾರು ಇರುವುದು ನನ್ನ ಮಗಳ ವಿಷಯದಲ್ಲಿ. ಕಳೆದ ವಾರ ನಮ್ಮ ರೇಣು ಗಣಿತದ ಕ್ಲಾಸಿಗೆಂದು ಸ್ಕೂಟಿಯಲ್ಲಿ ಹೊರಟು ಶಿವಾಜಿನಗರದ ಸಿಗ್ನಲ್ಲಿನಲ್ಲಿ ನಿಂತಿದ್ದಳು. ಬಿಸಿಲು, ಧೂಳು ಎಂದು ಈ ಊರಿನ ಹೆಣ್ಣುಮಕ್ಕಳೆಲ್ಲ ಮಾಡುವಂತೆ ಅವಳೂ ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿ, ಕಪ್ಪು ಕನ್ನಡಕ ಏರಿಸಿ, ಮೊಣಕೈ ದಾಟುವ ಕೈಗವಸು ತೊಟ್ಟಿದ್ದಳು. ತಮ್ಮ ಸಹಾಯಕಿ ಮಿಂಚುಮರಿಯ ವೀರವೇಷವೂ ಅದೇ ಸ್ಕಾರ್ಫ್, ಅದೇ ಕನ್ನಡಕ, ಅದೇ ಕೈಗವಸು ಎಂಬುದು ನಮ್ಮ ದುರದೃಷ್ಟ. ತಾವು ಮೋಡ ಸೀಳಿಕೊಂಡು ಇಳಿದು, "ಬಾ ಮಿಂಚುಮರಿ, ಲೋಕ ಕಾಯುತ್ತಿದೆ" ಎಂದು ನನ್ನ ಮಗಳನ್ನು ಬಗಲಲ್ಲಿ ಇರುಕಿಕೊಂಡು ಹಾರಿಹೋದಿರಿ. ಏಳು ಗೋಡೆಗಳಾಚೆ ಅಡಗಿದ ಕಳ್ಳನನ್ನು ನೋಡಬಲ್ಲ ತಮ್ಮ ದಿವ್ಯದೃಷ್ಟಿ ಒಂದು ಹತ್ತಿಬಟ್ಟೆಯ ಮುಂದೆ ಸೋತಿತಲ್ಲ, ಆ ಬಟ್ಟೆಯನ್ನು ನೇಯ್ದ ಪುಣ್ಯಾತ್ಮನಿಗೆ ಸರಕಾರ ಪ್ರಶಸ್ತಿ ಕೊಡಬೇಕು.

ನನ್ನ ಯಜಮಾನರಾದ ಸಿದ್ದಲಿಂಗಪ್ಪನವರು ಪೊಲೀಸರ ಬಳಿ ಹೋಗಿ ಮಗಳ ಉಡುಪಿನ ವಿವರ ಕೊಟ್ಟಾಗ, ಅವರು ಪಾಪ, ಕಿಟಕಿಯಾಚೆಯ ರಸ್ತೆ ತೋರಿಸಿ ಇವರಲ್ಲಿ ಯಾರೆಂದು ಕೇಳಿದರಂತೆ. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಖಳನಾಯಕ ಭಸ್ಮಾಕ್ಷ ತಮ್ಮ ಸಹಾಯಕಿಯನ್ನು ಗಡಿಯಾರ ಗೋಪುರದ ಮುಳ್ಳಿಗೆ ಕಟ್ಟಿ ತಲೆಕೆಳಗಾಗಿ ನೇತುಹಾಕಿದ್ದ. ಮುಖ ಕಾಣಲಿಲ್ಲ, ಆದರೆ ಚಪ್ಪಲಿಯ ಉಂಗುಟಕ್ಕೆ ನಾನೇ ಕೆಂಪು ದಾರದಿಂದ ಹಾಕಿದ ಹೊಲಿಗೆ ಕಂಡಿತು. ಮಾನ್ಯರೇ, ನಾನು ಆ ಪೇಪರನ್ನೇ ತಲೆಕೆಳಗಾಗಿ ತಿರುಗಿಸಿ ಹಿಡಿದು ಕೂತೆ.

ತಾವು ಸಮಯಕ್ಕೆ ಸರಿಯಾಗಿ ಬಂದು ಬಿಡಿಸಿದಿರಿ, ಕೃತಜ್ಞಳು. ಅಂದು ಸಂಜೆ ರೇಣು ತಮ್ಮ ಗುಪ್ತನೆಲೆಯಿಂದ ಕದ್ದು ಫೋನ್ ಮಾಡಿದಳು. "ಅವ್ವಾ, ನಾ ರೇಣು ಅದೀನ್ರಿ ಅಂತ ಎಷ್ಟ್ ಹೇಳಿದ್ರೂ, ಭಾಳ ಛಂದ ಗುಪ್ತನಾಮ ಅದ, ಹಂಗ ಇಟ್ಕೋ ಅಂತಾರ" ಎಂದು ಅತ್ತಳು. ಕಟ್ಟುವಾಗ ಭಸ್ಮಾಕ್ಷ ಮಾತ್ರ ಹೆಸರು ಕೇಳಿದನಂತೆ, ಹಗ್ಗ ಬಿಗಿಯಾಯಿತೇ ಎಂದೂ ವಿಚಾರಿಸಿದನಂತೆ. ಖಳರಲ್ಲಿ ಇಷ್ಟಾದರೂ ಸಂಸ್ಕಾರ ಉಳಿದಿರುವುದು ಸಮಾಧಾನದ ಸಂಗತಿ.

ಇನ್ನು ತಮ್ಮ ನಿಜವಾದ ಮಿಂಚುಮರಿ ಎಲ್ಲಿ ಎಂದು ತಾವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಆ ದಿನ ಅದೇ ಸಿಗ್ನಲ್ಲಿನಲ್ಲಿ ಕಬ್ಬಿನಹಾಲಿನ ಗಾಡಿಯ ಪಕ್ಕ ತಮಗಾಗಿ ಕಾಯುತ್ತಿದ್ದ ಅವಳು, ಬಿದ್ದ ಸ್ಕೂಟಿಯನ್ನು ಎತ್ತಿ, ರೇಣುವಿನ ಚೀಲದಲ್ಲಿ ನಮ್ಮ ವಿಳಾಸ ಹುಡುಕಿ, ದಾರಿ ಕೇಳುತ್ತ ಮರುದಿನ ಮಧ್ಯಾಹ್ನ ಸ್ಕೂಟಿಯನ್ನು ಮನೆಗೆ ತಂದು ಮುಟ್ಟಿಸಿದಳು, ಅಂದಿನಿಂದ ನಮ್ಮಲ್ಲೇ ಇದ್ದಾಳೆ. ಸ್ಕಾರ್ಫ್ ಬಿಚ್ಚಿದರೆ ನಮ್ಮ ರೇಣುವಿನ ವಯಸ್ಸಿನ ಕೂಸು, ಹಣೆಯ ಮೇಲೆ ಮೊಡವೆ. ಹೆಸರು ವರದಾ, ಅವರ ಮನೆಯವರು ಬೆಳಗಾವಿ ಕಡೆಯವರು. ಬಿಸಿ ರೊಟ್ಟಿ ತಿನ್ನುತ್ತ, "ಎರಡ ವರ್ಷ ಆತ್ರಿ ಕಾಕೂ, ಅವರು ನನ್ನ ಮಾರಿ ನೋಡಿಲ್ಲ, ಹೆಸರೂ ಕೇಳಿಲ್ರಿ" ಎಂದಳು. ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ ಆ ಹುಡುಗಿ ಮಿಕ್ಸರಿನ ಪಿನ್ನು ಹಿಡಿದು ಕೂತರೆ ಸಾಕು, ಶೇಂಗಾ ಚಟ್ನಿ ತಯಾರಾಗುತ್ತದೆ. ಇಂಥ ಮಿಂಚನ್ನು ಎರಡು ವರ್ಷ ಬರೀ ಖಳರ ಕೈಲಿ ಕಟ್ಟಿಸಿಕೊಳ್ಳುವ ಕೆಲಸಕ್ಕೆ ಇಟ್ಟುಕೊಂಡ ತಮ್ಮ ದೊಡ್ಡತನಕ್ಕೆ ಏನೆನ್ನಲಿ! ಹಿತ್ತಲ ಗಿಡ ಮದ್ದಲ್ಲ ಎಂಬುದು ಆಕಾಶದಲ್ಲಿ ಹಾರುವವರಿಗೂ ಅನ್ವಯಿಸುತ್ತದೆಂದು ಈಗ ತಿಳಿಯಿತು.

ಆದಕಾರಣ ನನ್ನ ವಿನಂತಿ ಇಷ್ಟೇ. ಸೋಮವಾರ ರೇಣುವಿನ ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆ ಶುರು. ಅಷ್ಟರೊಳಗೆ ಅವಳನ್ನು ಮನೆಗೆ ತಂದು ಬಿಡಬೇಕು, ಮೇಲಿನಿಂದಲ್ಲ, ಬಾಗಿಲಿನಿಂದ. ಪರೀಕ್ಷೆ ಮುಗಿಯುವವರೆಗೆ ಲೋಕಕ್ಕೆ ಅಪಾಯ ಬರದಂತೆ ಭಸ್ಮಾಕ್ಷರಲ್ಲಿ ತಾವೇ ಮಾತನಾಡಬೇಕು. ಅವಳು ತಲೆಕೆಳಗಾಗಿದ್ದಾಗ ಉದುರಿದ ಗಣಿತದ ಸೂತ್ರಗಳನ್ನೆಲ್ಲ ಹುಡುಕಿ ವಾಪಸು ತುಂಬಬೇಕು. ಕೊನೆಯದಾಗಿ, ತಾವು ಒಂದು ಮಧ್ಯಾಹ್ನ ಆ ಸಿಗ್ನಲ್ಲಿನಲ್ಲಿ ನಿಂತು, ಸ್ಕಾರ್ಫ್ ಕಟ್ಟಿದ ಪ್ರತಿ ಹುಡುಗಿಯನ್ನೂ ಅವಳ ಹೆಸರು ಕೇಳಬೇಕು, ಉತ್ತರವಾಗಿ ಬಂದ ಬೈಗುಳವನ್ನೆಲ್ಲ ಇರುವೆಗಳ ಭಾಷೆಗೆ ಅನುವಾದಿಸಬೇಕು.

ತಮ್ಮ ಬಾಹುಗಳಿಗೆ ಬಲವೂ ಕಣ್ಣುಗಳಿಗೆ ನಂಬರಿನ ಕನ್ನಡಕವೂ ಬೇಗ ಒದಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಪ್ರೇಮಾವತಿ ಹಂಚಿನಮನಿ
(ರೇಣುವಿನ ತಾಯಿ, ಸದ್ಯಕ್ಕೆ ವರದಾಳ ಕಾಕೂ)

ವಿ.ಸೂ.: ಅಂಚೆ ತಡವಾದೀತೆಂದು ಈ ಪತ್ರವನ್ನು ನಾನೇ ತಂದು ತಮ್ಮ ಗುಪ್ತನೆಲೆಯ ಮೇಜಿನ ಮೇಲಿಟ್ಟಿದ್ದೇನೆ. ನಿನ್ನೆ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಮುಖಕ್ಕೆ ಸ್ಕಾರ್ಫ್ ಸುತ್ತಿ ಅದೇ ಸಿಗ್ನಲ್ಲಿನಲ್ಲಿ ನಿಂತಿದ್ದೆ, ತಾವು ತಪ್ಪದೆ ಎತ್ತಿಕೊಂಡು ಬಂದಿರಿ. ದಾರಿಯಲ್ಲಿ "ಸ್ವಲ್ಪ ದಪ್ಪಗಾಗಿದ್ದೀಯ" ಎಂದಿರಿ, ಅಷ್ಟಾದರೂ ಗಮನಿಸಿದ್ದಕ್ಕೆ ಧನ್ಯವಾದ. ರೇಣುವನ್ನು ಆಗಲೇ ಬಸ್ಸಿಗೆ ಹತ್ತಿಸಿದ್ದೇನೆ, ನಾನೂ ಈಗ ಹೊರಟೆ. ನಾಳೆ ಭಸ್ಮಾಕ್ಷ ಬಂದು ತಮ್ಮನ್ನೇ ಕಟ್ಟಿಹಾಕಿದರೆ ಹೆದರಬೇಡಿ, ಮಿಂಚುಮರಿ ಬರುತ್ತಾಳೆ, ಅವಳು ಒಳ್ಳೆಯವಳು. ಆದರೆ ಹೆಸರು ಹಿಡಿದು ಕರೆದರೆ ಮಾತ್ರ ಬರುತ್ತಾಳೆ. ಹೆಸರು ಈ ಪತ್ರದಲ್ಲಿದೆ, ತಾವು ಓದಿದ್ದರೆ.