ಗ್ರಿಲ್ ಇಲ್ಲದ ಗಾಜಿನ ಬಾಗಿಲು

"ಈ ಮನೀಗೆ ಗ್ರಿಲ್ಲು ಯಾಕ ಬೇಕು? ನಾ ಇದ್ದೀನಲ್ಲ! ನಾನ ಗ್ರಿಲ್ಲು!"

ಭೀಮಸೇನ ದೇಸಾಯರು ಈ ಐತಿಹಾಸಿಕ ಘೋಷಣೆ ಮಾಡಿದ್ದು ಅಹಮದಾಬಾದಿನ ಚಾಂದ್‌ಖೇಡಾದ ಒಂದು ಗಾಜಿನ ಅಂಗಡಿಯಲ್ಲಿ, ಎದೆ ತಟ್ಟಿಕೊಂಡು. ಹೊಸದಾಗಿ ಕೊಂಡ ಮೂರನೆಯ ಮಹಡಿಯ ಫ್ಲ್ಯಾಟಿನ ಬಾಲ್ಕನಿಗೆ ಬಾಗಿಲು ಆರಿಸಲು ಗಂಡ ಹೆಂಡತಿ ಬಂದಿದ್ದರು. ಸುಲೋಚನಾಬಾಯಿಗೆ ಬೇಕಾಗಿದ್ದುದು ಸಾದಾ ಕಟ್ಟಿಗೆಯ ಬಾಗಿಲು, ಅದರ ಹೊರಗೊಂದು ಗಟ್ಟಿ ಕಬ್ಬಿಣದ ಗ್ರಿಲ್ಲು. ದೇಸಾಯರಿಗೆ ಬೇಕಾಗಿದ್ದುದು ನೆಲದಿಂದ ಛಾವಣಿಯವರೆಗೆ ಗಾಜು. ಬೆರಳು ತಾಕಿಸಿದರೆ ಜರುಗುವ ಬಾಗಿಲು. ಹಗಲು ಹೊರಗಿನವರಿಗೆ ಕನ್ನಡಿ, ಒಳಗಿನವರಿಗೆ ಕಿಟಕಿ!

"ಹೊರಗಿನವ್ರಿಗೆ ನಾವು ಕಾಣೂದಿಲ್ಲ, ನಮಗ ಎಲ್ಲಾರೂ ಕಾಣ್ತಾರ. ರಾಜರ ಗತೆ ಇರಬಹುದು, ಸುಲೂ!"

"ರಾಜರ ಕೋಟೆಗೆ ಗ್ವಾಡಿ ಇರತಿದ್ವು. ಗಾಜು ಇರತಿರಲಿಲ್ಲ," ಎಂದರು ಸುಲೋಚನಾಬಾಯಿ.

ಅಂಗಡಿಯ ಕೀರ್ತಿಭಾಯಿ ನಡುವೆ ಬಾಯಿ ಹಾಕಿ, ಕೈ ಮೇಲೆತ್ತಿ, ಕಣ್ಣು ಅಗಲಿಸಿ, ಮರ ಹತ್ತುವಂತೆ ಅಭಿನಯಿಸಿ, ಗುಜರಾತಿಯಲ್ಲಿ ಏನೋ ಉದ್ದವಾಗಿ ಹೇಳಿದ. ಇಲ್ಲಿ ಒಂದು ಮಾತು ಹೇಳಬೇಕು. ದೇಸಾಯಿ ಎಂಬ ಅಡ್ಡಹೆಸರು ವಿಜಯಪುರದಲ್ಲಿ ಇರುವಷ್ಟೇ ಗುಜರಾತಿನಲ್ಲೂ ಇದೆ. ಹಾಗಾಗಿ ಇಲ್ಲಿಗೆ ವರ್ಗವಾಗಿ ಬಂದ ದಿನದಿಂದ ಎಲ್ಲರೂ ಇವರನ್ನು ತಮ್ಮವರೆಂದೇ ತಿಳಿದು ಗುಜರಾತಿಯಲ್ಲಿ ಶುರು ಹಚ್ಚಿಕೊಳ್ಳುತ್ತಿದ್ದರು. ಇವರಿಗೋ, ತಿಳಿಯಲಿಲ್ಲ ಎನ್ನಲು ಮಾನ ಅಡ್ಡ ಬರುತ್ತಿತ್ತು. ಆದ್ದರಿಂದ ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿ "ಹಾ, ಹಾ!" ಎಂದುಬಿಡುತ್ತಿದ್ದರು. ಅವತ್ತೂ ಹಾಗೇ ಅಂದರು.

"ಏನಂದ್ರೀ ಅವ್ರು?"

"ಗಾಜು ಭಾಳ ಛಲೋ ಅದ ಅಂದ್ರು."

ಹೊರಗೆ ಇಷ್ಟು ಶೌರ್ಯ ತೋರಿಸುವ ದೇಸಾಯರ ಒಳಗಿನ ಗುಟ್ಟು ಬೇರೆಯೇ ಇತ್ತು. ಅವರು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಅಧಿಕಾರಿ. ಹಗಲೆಲ್ಲ ಕಂಡವರ ಮನೆಯ ಕಳವು, ಬೆಂಕಿ, ಶಾರ್ಟ್ ಸರ್ಕ್ಯೂಟು, ಸಿಲಿಂಡರ್ ಸ್ಫೋಟಗಳನ್ನು ಓದಿ ಓದಿ ಅವರ ಜೀವ ಒಳಗೊಳಗೇ ಹಿಟ್ಟಾಗಿತ್ತು. ಬಾಗಿಲು ಬಡಿದರೆ ಬೆಚ್ಚುತ್ತಿದ್ದರು. ಕುಕ್ಕರು ಕೂಗಿದರೆ ಎದೆ ಹಿಡಿದುಕೊಳ್ಳುತ್ತಿದ್ದರು. ತಾವು ಅಂಜುಬುರುಕರು ಎಂಬ ಸುದ್ದಿ ಹೆಂಡತಿಯ ಕಿವಿಗೆ ಬೀಳಬಾರದು, ಅದೊಂದೇ ಅವರ ಬಾಳಿನ ಗುರಿ. ಅದಕ್ಕೇ ಮನೆಯಲ್ಲಿ ಅಷ್ಟು ದೊಡ್ಡ ಗಂಟಲು.

ಬಾಗಿಲು ಬಂತು, ಕೂತಿತು, ಥಳಥಳ ಹೊಳೆಯಿತು. ದೇಸಾಯರು ಅದರ ಸೇವೆಗೆ ನಿಂತರು. ಬೆಳಗ್ಗೆ ಎದ್ದವರೇ ವಿನೆಗರ್ ಬೆರೆಸಿದ ನೀರು ಚಿಮುಕಿಸಿ, ಹಳೆಯ ಪೇಪರಿನಿಂದ ಗಾಜು ತಿಕ್ಕುವುದು. ಬಾಗಿಲು ಜರುಗುವ ಹಳಿಯಲ್ಲಿ ಕೂತ ಧೂಳನ್ನು ಹಳೆಯ ಟೂತ್ ಬ್ರಷ್ಷಿನಿಂದ ತೆಗೆಯುವುದು. ಹಳಿಗೆ ಮೇಣದ ಬತ್ತಿ ಸವರುವುದು. ದೇವರಪೂಜೆಗಿಂತ ಬಾಗಿಲಿನ ಪೂಜೆಯೇ ಉದ್ದವಾಯಿತು.

"ನಿಮ್ಮ ಚಷ್ಮಾನೂ ಒಮ್ಮೆರೆ ಹಿಂಗ ಒರಸಿದ್ರ ಛಂದಿತ್ತು," ಎಂದರು ಸುಲೋಚನಾಬಾಯಿ.

ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ ಗಾಜಿನ ಹೊರಮೈ ಮೇಲೆ ಒಂದು ಕೈಯ ಗುರುತು! ಐದು ಬೆರಳು. ಉದ್ದುದ್ದ. ಮನುಷ್ಯರ ಕೈಯಂತೆಯೇ ಇದೆ, ಆದರೆ ಮನುಷ್ಯರ ಕೈಯಲ್ಲ. ದೇಸಾಯರು ಚಷ್ಮಾ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಮೂರನೆಯ ಮಹಡಿಗೆ ಹೊರಗಿನಿಂದ ಕೈಯಿಟ್ಟವರು ಯಾರು? ವಟ್ವಾದ ಗೋದಾಮೊಂದಕ್ಕೆ ಗಾಜು ಕೊಯ್ದು ನುಗ್ಗಿದ ಕಳ್ಳರ ಕಡತ ಕಣ್ಣಮುಂದೆ ಕುಣಿಯಿತು. ಕಳ್ಳರು ಮೊದಲು ಬಂದು ಗುರುತು ಮಾಡಿ ಹೋಗುತ್ತಾರೆ ಎಂದು ಅದರಲ್ಲಿ ತಾವೇ ಷರಾ ಬರೆದಿದ್ದರು!

ಹೆಂಡತಿಗೆ ಹೇಳಿದರೆ ಮರುದಿನವೇ ಗ್ರಿಲ್ಲು ಬರುತ್ತದೆ. ದೇಸಾಯರು ಬಾಯಿ ಮುಚ್ಚಿಕೊಂಡು ಗುರುತನ್ನು ಒರೆಸಿದರು. ಮರುದಿನ ಎರಡು ಕೈ. ಅದರ ಮರುದಿನ ಎರಡು ಕೈ, ಒಂದು ಮೂಗು! ಇವರು ಒರೆಸುವುದು, ಅದು ಮೂಡುವುದು. ಒರೆಸಿದಷ್ಟೂ ಗಾಜು ಹೊಳೆಯಿತು, ಹೊಳೆದಷ್ಟೂ ಗುರುತು ಹೆಚ್ಚಾದವು. ದೇಸಾಯರಿಗೆ ಊಟ ಸೇರದಾಯಿತು. ಬಾಗಿಲಿಗೆ ಬೆನ್ನು ಮಾಡಿ ಕೂರುವುದನ್ನೇ ಬಿಟ್ಟರು.

"ಯಾಕ್ರೀ, ಸೋಫಾ ತಿರಿಗಿಸಿ ಇಟ್ಟೀರಿ? ಟೀವಿ ಹೆಂಗ ಕಾಣಬೇಕು?"

"ಗಾಳಿ... ಗಾಳಿ ಛಲೋ ಬರ್ತದ ಈ ಕಡೆ."

ರಹಸ್ಯ ಒಡೆದದ್ದು ಒಂದು ಮುಂಜಾನೆ. ದೇಸಾಯರು ಸ್ನಾನ ಮಾಡಿ, ಮಡಿಯುಟ್ಟು, ಗೋಪಿಚಂದನದ ಮುದ್ರೆ ಹಚ್ಚಿಕೊಳ್ಳಲು ಬಾಲ್ಕನಿಗೆ ಬಂದರು. ಹೊರಗಿನಿಂದ ನೋಡಿದರೆ ಬಾಗಿಲು ಪಕ್ಕಾ ಕನ್ನಡಿಯಲ್ಲವೇ! ಹಣೆಗೆ ನಾಮ ಎಳೆದರು. ಬಲಭುಜಕ್ಕೆ ಮುದ್ರೆ ಒತ್ತಿದರು. ಎಡಭುಜಕ್ಕೆ ಒತ್ತುವಾಗ ಕನ್ನಡಿಯಲ್ಲಿ, ಆ ಭುಜದ ಹಿಂದೆ, ಇನ್ನೊಂದು ಮುಖ ಕಂಡಿತು. ಬಿಳಿಯ ಹುಬ್ಬು, ಬಿಳಿಯ ಗಡ್ಡ, ಗಂಭೀರ ನೋಟ. ಅಷ್ಟು ಹೊತ್ತಿಗೆ ವಲಯ ಕಚೇರಿಯ ಹಿರಿಯ ಸಾಹೇಬರು ತಮ್ಮ ಬಾಲ್ಕನಿಗೇಕೆ ಬಂದರು ಎಂದು ಅವರಿಗೆ ಒಂದು ಕ್ಷಣ ಅನ್ನಿಸಿತು. ಆಮೇಲೆ ಸಾಹೇಬರು ಹಲ್ಲು ಕಿರಿದರು.

ಅದೊಂದು ಮುಸಿಯ! ಕರಿಮುಖದ, ಉದ್ದ ಬಾಲದ, ಆಳೆತ್ತರದ ಗಂಡು ಮಂಗ! ಪಕ್ಕದ ಬೇವಿನ ಮರದಿಂದ ಇಳಿದು ಕಂಬಿಯ ಮೇಲೆ ಕೂತಿತ್ತು. ದೇಸಾಯರು ಕೂಗಲು ಹೋದರೆ ಸ್ವರ ಬರಲಿಲ್ಲ, ಓಡಲು ಹೋದರೆ ಕಾಲು ಬರಲಿಲ್ಲ. ಮುಸಿಯ ಇವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಇವರ ಪಕ್ಕದಿಂದಲೇ ಜಿಗಿದು, ಗಾಜಿನೊಳಗಿದ್ದ ಇನ್ನೊಂದು ಮುಸಿಯದ ಮುಖಕ್ಕೆ ಒಂದು ಏಟು ಬಿಗಿಯಿತು. ಧಮ್! ಇವರು ಒಳಗೆ ಹೇಗೆ ಬಂದರು, ಬಾಗಿಲನ್ನು ಹೇಗೆ ಹಾಕಿದರು ಎಂಬುದು ಅವರಿಗೇ ತಿಳಿಯದು. ಪಂಚೆ ಮಾತ್ರ ಅರ್ಧ ಹೊರಗೇ ಸಿಕ್ಕಿಕೊಂಡಿತ್ತು.

ಆರನೆಯ ಇಯತ್ತೆಯ ಮಗಳು ಅದಿತಿ ಒಳಗಿನಿಂದ ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ. ಬಾಯಿಂದ ಹೊರಡುವಾಗ ಮಾತ್ರ ಅದು ಹಿಂದಿಯ ಜೊತೆ ಕಲಸಿ ಹೊರಡುತ್ತದೆ.

"ಪಪ್ಪಾ, ಮಂಗ್ಯಾ ಖುದ್ ಕೆ ಸಾಥ್ ಲಡತದ! ಗ್ಲಾಸ್‌ನಾಗ ದೂಸ್ರಾ ಮಂಗ್ಯಾ ಅದ ಅಂತ ಅದಕ್ಕ ಲಗತದ. ನೀವು ಗ್ಲಾಸ್ ಜಾಸ್ತಿ ಕ್ಲೀನ್ ಮಾಡಿದ್ರ ಅದಕ್ಕ ಜಾಸ್ತಿ ಗುಸ್ಸಾ!"

ಅಂದರೆ ಇಷ್ಟು ದಿನ ದೇಸಾಯರು ವಿನೆಗರ್ ಹಾಕಿ ತಿಕ್ಕಿ ತಿಕ್ಕಿ ಬೆಳೆಸಿದ್ದು ಮುಸಿಯದ ವೈರಿಯನ್ನು!

ಸುದ್ದಿ ಸೊಸಾಯಿಟಿಗೆಲ್ಲ ಹಬ್ಬಿತು. ಎದುರು ಮನೆಯ ಜ್ಯೋತ್ಸ್ನಾಬೇನ್ ಓಡಿ ಬಂದರು. "ಹನುಮಾನ್ ದಾದಾ! ಸಾಕ್ಷಾತ್ ದಾದಾ ನಿಮ್ಮ ಬಾಗಿಲಿಗೆ ಬಂದಿದ್ದಾರೆ, ದೇಸಾಯಿಭಾಯಿ!" ಎಂದು ಕೈ ಮುಗಿದು, ಬಾಲ್ಕನಿಯ ಕಂಬಿಯ ಮೇಲೆ ಬಾಳೆಹಣ್ಣಿಟ್ಟು, ಬಾಗಿಲಿನ ಹಿಡಿಕೆಗೆ ಎಕ್ಕದ ಹೂವಿನ ಮಾಲೆ ಹಾಕಿ ಹೋದರು. ದೇಸಾಯರಿಗೆ ಧರ್ಮಸಂಕಟ. ದಿನಾ ಪೂಜಿಸುವ ದೇವರು ನಿಜ; ಆದರೆ ಬಾಲ್ಕನಿಗೆ ಬಾ ಎಂದು ಅವರು ಯಾವತ್ತೂ ಬೇಡಿಕೊಂಡಿರಲಿಲ್ಲ. ಬಾಳೆಹಣ್ಣಿನ ರುಚಿ ಹತ್ತಿದ ಮುಸಿಯ ಈಗ ದಿನವೂ ಹಾಜರ್. ಮೊದಲು ಫಲಾಹಾರ, ಆಮೇಲೆ ಯುದ್ಧ!

"ಈಗರೆ ಗ್ರಿಲ್ಲು ಹಾಕಸ್ತೀರೋ ಇಲ್ಲೋ?" ಸುಲೋಚನಾಬಾಯಿ ಸೊಂಟಕ್ಕೆ ಕೈಯಿಟ್ಟರು. "ನನ್ನ ತುಳಸಿಗೆ ನೀರು ಹಾಕ್ಲಿಕ್ಕೆ ಹೊರಗ ಹೋಗದಂಗ ಆಗೇದ. ಗಿಡ ಒಣಗಲಿಕ್ಕೆ ಹತ್ತೇದ."

ದೇಸಾಯರು ಗಾಜಿನಾಚೆಯ ಕುಂಡದ ಕಡೆ ನೋಡಿದರು. ತುಳಸಿಯ ಮಾತು ನಿಜ. ಆದರೆ ಈಗ ಹೂಂ ಅಂದರೆ ಅಂಗಡಿಯಲ್ಲಿ ತಟ್ಟಿಕೊಂಡ ಎದೆಯ ಗತಿ ಏನು?

"ಒಂದ ದಿನ ಕೊಡು, ಸುಲೂ. ಶನಿವಾರ ನಾ ಇದನ್ನ ಬುದ್ಧಿಲೆ ಬಗೀಹರಸ್ತೀನಿ."

ಶನಿವಾರ ಬಂತು. ದೇಸಾಯರ ಯೋಜನೆ ಸರಳವಾಗಿತ್ತು. ಜಗಳ ಇರುವುದು ಕನ್ನಡಿಯ ಜೊತೆ. ಬಾಗಿಲನ್ನು ಜರುಗಿಸಿಬಿಟ್ಟರೆ ಕನ್ನಡಿ ಎಲ್ಲಿ? ವೈರಿ ಎಲ್ಲಿ? ಮುಸಿಯ ಬರುತ್ತದೆ, ಯಾರೂ ಇಲ್ಲದ್ದನ್ನು ನೋಡುತ್ತದೆ, ಬೇಜಾರಾಗಿ ಹೋಗುತ್ತದೆ! ಅವರು ಬಲಗಡೆಯ ಗಾಜನ್ನು ಎಡಗಡೆಯದರ ಹಿಂದೆ ಸರಿಸಿ, ಬಾಗಿಲು ಹಾರುಹೊಡೆದು, ಸೋಫಾದ ಮೇಲೆ ಪೇಪರು ಹಿಡಿದು ಕೂತರು. ಪೇಪರು ತಲೆಕೆಳಗಾಗಿತ್ತು.

ಮುಸಿಯ ಬಂತು. ಬಲಗಡೆ ನೋಡಿತು, ವೈರಿ ಇಲ್ಲ. ಎಡಗಡೆ ನೋಡಿತು, ಎಡಗಡೆಯ ಗಾಜಿನಲ್ಲಿ ವೈರಿ ನಿಂತೇ ಇದ್ದಾನೆ! ದೇಸಾಯರು ಲೆಕ್ಕಕ್ಕೆ ತೆಗೆದುಕೊಳ್ಳದ ಅರ್ಧ ಬಾಗಿಲು ಅದು. ಮುಸಿಯ ಗಾಜಿನ ಅಂಚಿನಿಂದ ಇಣುಕಿತು. ಹಿಂದೆ ಅಡಗಿರಬೇಕೆಂದು ಒಂದು ಹೆಜ್ಜೆ ಒಳಗಿಟ್ಟಿತು. ಒಳಗಿನಿಂದ ನೋಡಿದರೆ ಬರೀ ಕಿಟಕಿ, ವೈರಿ ಮಾಯ! ಹೊರಗೆ ಹೋಯಿತು, ಅಲ್ಲೇ ಇದ್ದಾನೆ! ಒಳಗೆ ಬಂತು, ಇಲ್ಲ! ಹೊರಗೆ, ಒಳಗೆ, ಹೊರಗೆ, ಒಳಗೆ. ಪ್ರತಿ ಸಲ ಒಳಗೆ ಬಂದಾಗಲೂ ಅದರ ಸಿಟ್ಟು ಏರುತ್ತಿತ್ತು. ಕೊನೆಗೆ ಅದು ತಿರುಗಿ, ಕೋಣೆಯಲ್ಲಿದ್ದ ಒಂದೇ ಒಂದು ಜೀವವನ್ನು ಸಂಶಯದಿಂದ ನೋಡಿತು.

ಪೇಪರು ಗಾಳಿಗೆ ಹಾರಿತು. ಬಾತ್‌ರೂಮಿನ ಬಾಗಿಲು ಧಡಾರ್ ಎಂದು ಮುಚ್ಚಿತು. ಚಿಲಕ ಬಿತ್ತು.

ಸದ್ದಿಗೆ ಸುಲೋಚನಾಬಾಯಿ ಅಡುಗೆಮನೆಯಿಂದ ಬಂದರು. ನೋಡುತ್ತಾರೆ, ಮುಸಿಯ ದಣಿದು ಹೊಸ್ತಿಲ ಮೇಲೆ ಹೊರಮುಖವಾಗಿ ಕೂತಿದೆ. ಅದರ ಬಾಲ ಮಾತ್ರ ಒಳಗೆ, ದೇಸಾಯರು ಮೇಣ ಸವರಿದ ಹಳಿಯ ಮೇಲೆ ಉದ್ದಕ್ಕೆ ಚಾಚಿಕೊಂಡಿದೆ.

"ಬಾಗಲಾ ಹಾಕು, ಸುಲೂ! ಲಗೂನ ಹಾಕು!" ಬಾತ್‌ರೂಮಿನಿಂದ ನಡುಗುವ ಆಜ್ಞೆ ಬಂತು.

"ಹೆಂಗ ಹಾಕ್ಲಿ? ಹಳೀ ಮ್ಯಾಲೆ ಬಾಲ ಅದ. ನೀವು ಬಂದು ಎತ್ತಿ ಆ ಕಡೆ ಇಡ್ರಿ!"

"ಏನು, ಬಾಲ? ನನ್ನ ಕೈಲೆ ಆಗೂದಿಲ್ಲ!"

"ಬಿಡ್ರಿ. ನಿಮ್ಮ ಹೆಸರಿನವ್ರಿಗೆ ಆ ಬಾಲ ಮೊದ್ಲಿಂದನೂ ಎತ್ಲಿಕ್ಕೆ ಆಗಿಲ್ಲ!"

ಇಷ್ಟು ಅಂದರೂ ಸುಲೋಚನಾಬಾಯಿಗೂ ಅಂಜಿಕೆ ಇದ್ದೇ ಇತ್ತು. ಅದಿತಿ ಅವರ ಸೆರಗಿನ ಹಿಂದೆ ಬಂದು ನಿಂತಿದ್ದಳು. ಮುಸಿಯ ತಿರುಗಿ ಒಳಗೆ ಬಂದರೆ? ಹುಡುಗಿಯ ಮೇಲೆ ಬಿದ್ದರೆ? ಒಂದು ಗಳಿಗೆ ಅವರು ಕಣ್ಣು ಮುಚ್ಚಿದರು. ಆಮೇಲೆ ಹಿಂದಕ್ಕೆ ಹೆಜ್ಜೆಯಿಡುತ್ತ ಅಡುಗೆಮನೆಗೆ ಹೋಗಿ, ವಿಜಯಪುರದಿಂದ ತಂದ ಡಬ್ಬಿಯಿಂದ ಒಂದು ಕಟಕ ರೊಟ್ಟಿ ತಂದರು. ಎಳ್ಳು ಹಚ್ಚಿದ್ದು, ತಟ್ಟಿದರೆ ತಗಡಿನಂತೆ ಸದ್ದಾಗುವಂಥದ್ದು. ಮನಸ್ಸಿನಲ್ಲೇ ದೇವರ ಕ್ಷಮೆ ಕೇಳಿ, ಅದನ್ನು ಮುಸಿಯದ ತಲೆಯ ಮೇಲಿಂದ ಬೀಸಿ ಹೊರಗೆಸೆದರು. ರೊಟ್ಟಿ ಗಿರ್ರನೆ ತಿರುಗುತ್ತ, ಕಂಬಿ ದಾಟಿ, ಬೇವಿನ ಮರದ ಕಡೆ ಹಾರಿತು. ಮುಸಿಯವೂ ಅದರ ಹಿಂದೆ ಹಾರಿತು. ಬಾಲ ಹಳಿಯಿಂದ ಸರ್ರನೆ ಹೊರಟುಹೋಯಿತು. ಸುಲೋಚನಾಬಾಯಿ ಬಾಗಿಲು ಎಳೆದು, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಬಾತ್‌ರೂಮಿನ ಬಾಗಿಲು ಒಂದು ಬೆರಳಿನಷ್ಟು ತೆರೆಯಿತು.

"ಹೋತೇನು?"

"ಹೋತು."

"ನಾ ಅದಕ್ಕ ಹೊಡೀಲಿಕ್ಕೆ ಕೋಲು ಹುಡುಕಲಿಕ್ಕೆ ಹೋಗಿದ್ದೆ," ಎಂದು ದೇಸಾಯರು ಹೊರಗೆ ಬಂದರು. ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು ಇತ್ತು.

ಸಂಜೆಯೇ ಕೀರ್ತಿಭಾಯಿ ಅಳತೆ ಟೇಪು ಹಿಡಿದು ಬಂದ. ಈ ಸಲ ಹಿಂದಿಯಲ್ಲಿ ಮಾತಾಡಿದ. "ಸಾಹೇಬ್, ಇಲ್ಲಿ ಮುಸಿಯಗಳ ಕಾಟ ಇದೆ, ಕನ್ನಡಿ ಗಾಜು ಬೇಡ, ಹಾಕಿದರೆ ಗ್ರಿಲ್ಲೂ ಬೇಕು ಅಂತ ಅವತ್ತೇ ಅಷ್ಟೊಂದು ಹೇಳಿದೆ. ಮರ ಹತ್ತಿ ತೋರಿಸಿದೆ. ನೀವು 'ಹಾ, ಹಾ' ಅಂದಿರಿ!"

ಸುಲೋಚನಾಬಾಯಿ ಗಂಡನ ಮುಖ ನೋಡಿದರು. ದೇಸಾಯರು ಗಾಜಿನ ಮೇಲಿದ್ದ ಒಂದು ಕಲೆಯನ್ನು ಬಹಳ ಶ್ರದ್ಧೆಯಿಂದ ಒರೆಸತೊಡಗಿದರು. ತಕ್ಷಣ ನೆನಪಾಗಿ ಕೈ ಹಿಂದೆಗೆದರು.

ಅಳತೆ ಮುಗಿಸಿದ ಕೀರ್ತಿಭಾಯಿ, ಹೊಸ ಗ್ರಿಲ್ಲು ಕೂರಿಸುವ ಮೊದಲು ಬಿಚ್ಚಬೇಕಾದ ಹಳೆಯ ಗ್ರಿಲ್ಲು ಏನಾದರೂ ಇದೆಯೇ ಎಂದು ವಿಚಾರಿಸಿದ.

"ಅದ ಅಲ್ರೀ, ಇಲ್ಲೇ ನಿಂತದ," ಎಂದು ಸುಲೋಚನಾಬಾಯಿ ಗಂಡನ ಕಡೆ ತಿರುಗಿದರು. "ಏನ್ರೀ, ಹಳೇ ಗ್ರಿಲ್ಲು ಗುಜರಿಗೆ ಹಾಕೋಣಂತೀರೋ, ಇಲ್ಲಾ ಬಾತ್‌ರೂಮಿನ ಬಾಗಲಕ್ಕರೆ ಹಚ್ಚೋಣಂತೀರೋ?"